ಕಂಪಾಸ್ ಬಾಕ್ಸಿನ ವಿಭೂತಿ

ಮೊನ್ನೆ ಆಫೀಸಿನಲ್ಲಿ ಎಲ್ಲರೂ ಮೂಲ ಪ್ರಮಾಣಪತ್ರಗಳನ್ನು ತಂದು ತೋರಿಸಬೇಕೆಂದು ಸುತ್ತೋಲೆ ಬಂತು. ಇಷ್ಟು ವರ್ಷ ದುಡಿಸಿಕೊಂಡ ಮೇಲೆ, ನಾನು ನಿಜವಾಗಿಯೂ ಓದಿದ್ದೇನೋ ಇಲ್ಲವೋ ಎಂಬ ಅನುಮಾನ ಅವರಿಗೆ ಈಗ ಯಾಕೆ ಹುಟ್ಟಿತೋ ಗೊತ್ತಿಲ್ಲ. ಇರಲಿ. ಮಂಚದ ಕೆಳಗಿನ ಟ್ರಂಕನ್ನು ಎಳೆದೆ. ಫೈಲಿಗಿಂತ ಮೊದಲು ಕೈಗೆ ಸಿಕ್ಕಿದ್ದು ಒಂದು ಕಂಪಾಸ್ ಬಾಕ್ಸು. ಮುಚ್ಚಳದ ಬಣ್ಣ ಹೋಗಿದೆ, ಕೈವಾರಕ್ಕೆ ಮುಳ್ಳಿಲ್ಲ, ಕೋನಮಾಪಕ ಅರ್ಧಕ್ಕೆ ಮುರಿದಿದೆ. ಒಂದು ಮೂಲೆಯಲ್ಲಿ ಮಾತ್ರ ಬೆಳ್ಳಗಿನ ಕಲೆಯೊಂದು ಗಟ್ಟಿಯಾಗಿ ಕೂತಿದೆ. ನೋಡಿದವರು ಸೀಮೆಸುಣ್ಣ ಎಂದುಕೊಳ್ಳಬಹುದು. ಒಂದು ದಿನದ ಮಟ್ಟಿಗೆ ಆ ಊಹೆ ಸರಿ. ಉಳಿದ ದಿನಗಳದ್ದು ವಿಭೂತಿ.

ಕಥೆಗೆ ಮೊದಲು ಒಂದು ಮಾತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ಮೊದಲನೆಯವಳು ನಾನು. ಇದನ್ನು ಹೇಳುವಾಗ ದನಿ ತಗ್ಗಿಸಬೇಕೆಂದು ಕೆಲವರಿಗೆ ಅನ್ನಿಸುತ್ತದೆ. ಅಪ್ಪ ಡಾಕ್ಟರು, ತಾತ ವಕೀಲರು ಇದ್ದವರು ತಗ್ಗಿಸಲಿ. ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು, ಅಮ್ಮ ಅದೂ ಇಲ್ಲ. ನಾನು ಜೋರಾಗಿಯೇ ಹೇಳುತ್ತೇನೆ.

ಇಟ್ಟಮಡುವಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಎರಡು ಕೋಣೆಯ ಮನೆ. ಗಿರಣಿ ಓಡಲು ಶುರುವಾದರೆ ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಹಿಡಿದು ಒಳಗಿದ್ದ ನನ್ನ ಹಲ್ಲಿನವರೆಗೆ ಎಲ್ಲ ನಡುಗುತ್ತಿತ್ತು. ಅಪ್ಪನ ಹುಬ್ಬು ಸದಾ ಬಿಳಿ. ನನ್ನ ಪುಸ್ತಕಗಳ ಹಾಳೆ ತಿರುವಿದರೆ ರಾಗಿಯ ವಾಸನೆ. ರಾಗಿ ಬೀಸಿದ ದಿನ ಓದಿದ್ದಕ್ಕೆ ಒಂದು ವಾಸನೆ, ಮೆಣಸಿನಕಾಯಿ ಬೀಸಿದ ದಿನ ಓದಿದ್ದಕ್ಕೆ ಇನ್ನೊಂದು. ಇತಿಹಾಸದ ಯುದ್ಧಗಳೆಲ್ಲ ನನಗೆ ಇವತ್ತಿಗೂ ಸೀನು ಬರಿಸುತ್ತವೆ.

ಮನೆಯ ಯಜಮಾನಿಕೆ ಅಜ್ಜಿಯದು. ತುಮಕೂರಿನ ಕಡೆಯವರು, ಅಪ್ಪನ ತಾಯಿ. ಅವರ ತವರಿನಲ್ಲಿ ವಿಭೂತಿ ಮಾಡುವುದೇ ಕಸುಬು. ಸಗಣಿ ಉಂಡೆಯನ್ನು ಸುಡುವುದು, ಬೂದಿಯನ್ನು ನೀರಿನಲ್ಲಿ ಸೋಸುವುದು, ಗಟ್ಟಿ ಮಾಡಿ ಒಣಗಿಸುವುದು. ಹಾಗಾಗಿ ಬೇರೆ ಅಜ್ಜಿಯರು ಮೊಮ್ಮಕ್ಕಳ ಜಡೆ ನೋಡಿದರೆ ನಮ್ಮಜ್ಜಿ ಹಣೆ ನೋಡುತ್ತಿದ್ದರು. ಮೂರು ಬೆರಳು, ಮೂರು ಗೆರೆ, ಆ ತುದಿಯಿಂದ ಈ ತುದಿಗೆ. ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಹಚ್ಚುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಏಳನೇ ಕ್ಲಾಸು ಮುಗಿದಾಗ ನನಗೆ ಜಯನಗರದ ಒಂದು ಕಾನ್ವೆಂಟಿನಲ್ಲಿ, ಹುಡುಗಿಯರದೇ ಹೈಸ್ಕೂಲಿನಲ್ಲಿ, ಎಂಟನೇ ಕ್ಲಾಸಿಗೆ ಸೀಟು ಸಿಕ್ಕಿತು. ಓದಿದ್ದು ಪೂರಾ ಕನ್ನಡದಲ್ಲಿ, ಪ್ರವೇಶ ಪರೀಕ್ಷೆಯ ಲೆಕ್ಕ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ ಆದ್ದರಿಂದ ಬಚಾವಾದೆ. ಅಪ್ಪ ಗಿರಣಿ ನಿಲ್ಲಿಸಿ ಒಳಗೆ ಬಂದು, ಅಜ್ಜಿಯ ಮುಂದೆ ಅಪರಾಧಿಯಂತೆ ನಿಂತು ವಿಷಯ ಹೇಳಿದರು.

“ಕಿರಸ್ತಾನ್ರ ಇಸ್ಕೂಲಾ?” ಅಂದರು ಅಜ್ಜಿ.

“ಓದು ಚೆನ್ನಾಗೈತಂತೆ ಕಣವ್ವ.”

ಅಜ್ಜಿ ಎಲೆಯಡಿಕೆ ಜಗಿದು ಮುಗಿಸಿದರು. ಆಮೇಲೆ ನನ್ನನ್ನು ಕರೆದು, “ನೋಡವ್ವ, ಬೇಕಾದ್ದು ಓದ್ಕ. ಆದ್ರೆ ಈ ಹಣೆ ಬರಿದಾದ ದಿನ ಇಸ್ಕೂಲು ಮುಗೀತು. ಸಂಜೆ ಬಂದಾಗ ನೋಡ್ತೀನಿ,” ಎಂದರು. ನಾನು ಹೂಂ ಎಂದೆ. ಹದಿಮೂರು ವರ್ಷದವಳಿಗೆ ಹೂಂ ಅನ್ನುವುದಕ್ಕೆ ಏನು ಕಷ್ಟ?

ಶಾಲೆಯ ಮೊದಲ ದಿನವೇ ಕಷ್ಟ ಬಂತು. ಗೇಟಿನಲ್ಲಿ ಸಿಸ್ಟರ್ ಎವ್ಲಿನ್ ನಿಂತಿದ್ದರು. ನಮ್ಮ ಕ್ಲಾಸಿನ ಉಸ್ತುವಾರಿಯೂ ಅವರೇ, ಇಂಗ್ಲಿಷ್ ಪಾಠವೂ ಅವರದೇ. ಮಂಗಳೂರಿನವರು. ಎತ್ತರದ ಆಳು, ನಡೆದು ಬಂದರೆ ಸೊಂಟದ ಜಪಮಾಲೆಯ ಸದ್ದು ಎರಡು ಹೆಜ್ಜೆ ಮುಂದಾಗಿ ಬರುತ್ತಿತ್ತು.

“ಎಂತ ಇದು?”

“ವಿಭೂತಿ, ಸಿಸ್ಟರ್.”

“ವಿಭೂತಿ ಅಂತ ನಂಗೂ ಗೊತ್ತುಂಟು. ಇಲ್ಲಿ ಎಂತಕ್ಕೆ? ಯೂನಿಫಾರ್ಮ್ ಅಂದ್ರೆ ಕುತ್ತಿಗೆಯಿಂದ ಕೆಳಗೆ ಮಾತ್ರ ಅಲ್ಲ ಮಾರಾಯ್ತಿ. ನಲ್ಲಿ ಅಲ್ಲುಂಟು. ತೊಳ್ದು ಬಾ.”

ಅವರಿಗೆ ಅನ್ಯಾಯ ಮಾಡಬಾರದು. ನನ್ನ ಹಿಂದೆ ಬಂದ ಫಿಲೋಮಿನಾಳ ಕುತ್ತಿಗೆಯ ಶಿಲುಬೆಯನ್ನೂ ಅಂಗಿಯೊಳಗೆ ಹಾಕಿಸಿದರು. ಇನ್ನೊಬ್ಬಳ ಮಲ್ಲಿಗೆ ಹೂವನ್ನು ತೆಗೆಸಿದರು. ಒಳಗೆ ಬಂದ ಮೇಲೆ ಎಲ್ಲರೂ ಒಂದೇ ಥರ ಕಾಣಬೇಕು, ಅಷ್ಟೇ ಅವರ ವಾದ. ಆದರೆ ಶಿಲುಬೆ ಅಂಗಿಯೊಳಗೆ ಇರುತ್ತದೆ, ಹೂವು ಚೀಲದಲ್ಲಿ ಇರುತ್ತದೆ. ತೊಳೆದ ವಿಭೂತಿ ಎಲ್ಲಿರುತ್ತದೆ? ಇದನ್ನು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಇದ್ದರೂ ಕೇಳುವಷ್ಟು ಇಂಗ್ಲಿಷ್ ಇರಲಿಲ್ಲ. ಕನ್ನಡದಲ್ಲಿ ಕೇಳಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಒಂಬತ್ತು ತಿಂಗಳ ನಂತರ.

ಹೀಗೆ ನನ್ನ ಎಂಟನೇ ಕ್ಲಾಸು ನಡೆಯಿತು. ಬೆಳಿಗ್ಗೆ ಅಜ್ಜಿ ಹಚ್ಚುವುದು, ಗೇಟಿನ ಪಕ್ಕದ ನಲ್ಲಿಯಲ್ಲಿ ನಾನು ತೊಳೆಯುವುದು, ಸಂಜೆ ಮನೆ ಸೇರುವ ಮೊದಲು ಮತ್ತೆ ಹಚ್ಚಿಕೊಳ್ಳುವುದು. ಅದಕ್ಕಾಗಿಯೇ ಕಂಪಾಸ್ ಬಾಕ್ಸಿನಲ್ಲಿ ವಿಭೂತಿಯ ಒಂದು ಚೂರು. ಬನಶಂಕರಿಯಲ್ಲಿ ಬಸ್ಸು ಬದಲಾಯಿಸುವಾಗ, ಒಂದು ಟೈಲರ್ ಅಂಗಡಿಯ ಮುಂದೆ ನಿಂತ ಸ್ಕೂಟರಿನ ಕನ್ನಡಿಯೇ ನನ್ನ ಪೂಜಾಗೃಹ. ನಲ್ಲಿಯಿಲ್ಲದ್ದರಿಂದ ನೀರಿನ ಬದಲು ಉಗುಳು. ಇದನ್ನು ಅಜ್ಜಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಶಿವನಿಗೆ ಗೊತ್ತಿರಬೇಕು, ಅವನು ಹೇಳಿಲ್ಲ.

ಸ್ಕೂಟರಿನ ಮಾಲೀಕರಾದ ಟೈಲರು ಒಂದು ದಿನ ಹಿಡಿದರು. “ಏನಮ್ಮಾ, ನಮ್ ಗಾಡಿ ಕನ್ನಡೀಲಿ ದಿನಾ ಮೇಕಪ್ಪಾ?”

“ಅಲ್ಲ ಅಂಕಲ್, ವಿಭೂತಿ.”

“ಬೆಳಿಗ್ಗೆ ಹಚ್ಕೊಂಡ್ ಹೋಗೋರನ್ನ ನೋಡಿದೀನಿ. ಸಂಜೆ ಹಚ್ಕೊಂಡ್ ಮನೆಗ್ ಹೋಗೋಳ್ನ ನಿನ್ನೊಬ್ಳನ್ನೇ ನೋಡಿದ್ದು!” ಎಂದು ನಕ್ಕರು. ಮರುದಿನ ನೋಡಿದರೆ ಕನ್ನಡಿಯನ್ನು ನನ್ನ ಎತ್ತರಕ್ಕೆ ಸರಿಯಾಗಿ ತಿರುಗಿಸಿಟ್ಟಿದ್ದರು. ಅವರಿಗೆ ಹಿಂದಿನಿಂದ ಬರುವ ಗಾಡಿಗಳು ಹೇಗೆ ಕಾಣುತ್ತಿದ್ದವೋ ಕಾಣೆ.

ನನ್ನನ್ನು ದೊಡ್ಡ ಶಿವಭಕ್ತೆ ಎಂದುಕೊಳ್ಳಬೇಡಿ. ನನಗೆ ಬೇಕಿದ್ದದ್ದು ಓದು, ಅಷ್ಟೇ. ಹಣೆ ತೊಳೆಯದಿದ್ದರೆ ಕ್ಲಾಸಿಲ್ಲ, ತೊಳೆದರೆ ಶಾಲೆಯೇ ಇಲ್ಲ. ಎರಡು ಕಡೆಯ ದೊಡ್ಡವರ ನಡುವೆ ನಾನು ಒಂದು ಹಣೆಯನ್ನು ಬಾಡಿಗೆಗೆ ಕೊಟ್ಟವಳಂತೆ ಓಡಾಡಿದೆ. ಯಾರಿಗೂ ಎದುರಾಡದ ಜಾಣೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಿತ್ತು. ಈಗ ನೆನೆದರೆ ಆ ಜಾಣೆಯ ಕಿವಿ ಹಿಂಡಬೇಕೆನಿಸುತ್ತದೆ.

ಫೆಬ್ರವರಿ ಕಳೆಯುತ್ತಿದ್ದ ಒಂದು ಮಂಗಳವಾರ ವಿಭೂತಿಯ ಚೂರು ಮುಗಿದುಹೋಗಿತ್ತು. ಕೊನೆಯ ಪೀರಿಯಡ್ಡಿನಲ್ಲಿ ಡಬ್ಬಿ ತೆರೆದು ನೋಡಿದವಳಿಗೆ ಜೀವ ಬಾಯಿಗೆ ಬಂತು. ಪಕ್ಕದಲ್ಲಿ ಕೂತ ಫಿಲೋಮಿನಾ ಬಗ್ಗಿ ನೋಡಿದಳು. ನನ್ನ ಗುಟ್ಟು ತಿಳಿದಿದ್ದವಳು ಅವಳೊಬ್ಬಳೇ. ಬೋರ್ಡಿನ ಕೆಳಗಿನ ಅಂಚಿನಿಂದ ಒಂದು ಸೀಮೆಸುಣ್ಣ ತಂದು ಡಬ್ಬಿಯೊಳಗೆ ಹಾಕಿದಳು.

“ಇದೂ ಬಿಳಿ, ಅದೂ ಬಿಳಿ. ಯಾರಿಗೇ ಗೊತ್ತಾಗುತ್ತೆ?”

“ಅಜ್ಜಿಗೆ ಕಣೆ.”

“ನಿಮ್ಮಜ್ಜಿಗೆ ಕಣ್ಣು ಸರಿಯಾಗಿ ಕಾಣಲ್ಲ ಅಂದಿದ್ದೆಯಲ್ಲ?”

ಕಣ್ಣಿನ ವಿಷಯ ನಿಜವಿತ್ತು. ಸೀಮೆಸುಣ್ಣವನ್ನು ಅರೆದು, ಸ್ಕೂಟರಿನ ಕನ್ನಡಿಯಲ್ಲಿ ಮೂರು ಗೆರೆ ಎಳೆದುಕೊಂಡೆ. ನಿಜ ಹೇಳಬೇಕೆಂದರೆ ವಿಭೂತಿಗಿಂತ ಚೆನ್ನಾಗಿ ಕಂಡಿತು.

ಅಜ್ಜಿ ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳಿನಿಂದ ನನ್ನ ಹಣೆಯನ್ನು ಒಮ್ಮೆ ಉಜ್ಜಿದರು. ಮೂಗಿಗೆ ಹಿಡಿದರು. ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು. ಅಷ್ಟು ಹೊತ್ತಿಗೆ ನಾನು ಅಳಲು ಶುರುಮಾಡಿಯಾಗಿತ್ತು.

“ಇದು ಯಾವ ದನದ್ದೇ?”

ಎಲ್ಲ ಹೇಳಿಬಿಟ್ಟೆ. ನಲ್ಲಿ, ಸ್ಕೂಟರು, ಸಿಸ್ಟರು, ಒಂಬತ್ತು ತಿಂಗಳು. ಉಗುಳು ಒಂದನ್ನು ಬಿಟ್ಟು. ಅಜ್ಜಿ ಬೈಯಲಿಲ್ಲ, ಅದೇ ಭಯ. ಅಪ್ಪ ಗಿರಣಿ ನಿಲ್ಲಿಸಿ ಬಾಗಿಲಲ್ಲಿ ನಿಂತರು.

“ನಾಳೆ ನಾನೇ ಬತ್ತೀನಿ. ಹೆಸರು ತೆಗೆಸ್ಕಂಡು ಕರ್ಕಂಡ್ ಬತ್ತೀನಿ,” ಎಂದರು ಅಜ್ಜಿ.

“ಅವ್ವಾ, ಪರೀಕ್ಷೆ ಹತ್ರ ಬಂತು,” ಎಂದರು ಅಪ್ಪ.

“ಸುಣ್ಣ ಬಳ್ಕಂಡು ಪರೀಕ್ಷೆ ಬರೀಬೇಕಾ?”

ಅಪ್ಪ ಮತ್ತೆ ಗಿರಣಿಗೆ ಹೋದರು. ನಾನು ಪುಸ್ತಕಗಳನ್ನು ಚೀಲಕ್ಕೆ ತುಂಬಿದೆ. ಲೈಬ್ರರಿಯ ಪುಸ್ತಕವೊಂದನ್ನು ಬೇರೆಯಾಗಿಟ್ಟೆ, ವಾಪಸು ಕೊಡಬೇಕಲ್ಲ ಎಂದು. ಶಾಲೆಯೇ ಹೋಗುತ್ತಿರುವಾಗಲೂ ಪುಸ್ತಕ ತಡವಾಗಬಾರದೆಂಬ ಚಿಂತೆ. ಎಂಥ ಹುಡುಗಿ ನೋಡಿ.

ಮರುದಿನ ಬೆಳಿಗ್ಗೆ ಅಜ್ಜಿ ನನ್ನ ಹಣೆಗೆ ಎಂದಿಗಿಂತ ದಪ್ಪನೆಯ ಮೂರು ಗೆರೆ ಎಳೆದು, ತಾವೂ ಎಳೆದುಕೊಂಡು, ಕಂಬಳಿ ಹೊದ್ದು ಹೊರಟರು. ಎರಡು ಬಸ್ಸು. ಕಾನ್ವೆಂಟಿನ ರಸ್ತೆಗೆ ತಿರುಗಿದಾಗ ಮುಂದೆ ಫಿಲೋಮಿನಾ ಹೋಗುತ್ತಿದ್ದಳು. ತಿರುಗಿ ನೋಡಿದಳು. ಅವಳ ಹಣೆಯ ಮೇಲೆ ಬೂದಿ.

ಸೀಮೆಸುಣ್ಣ ಕೊಟ್ಟ ತಪ್ಪಿಗೆ ನನಗಾಗಿ ಹೋರಾಟಕ್ಕಿಳಿದಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಬ್ಬಳು ಬಂದಳು, ಅವಳ ಹಣೆಯಲ್ಲೂ ಬೂದಿ. ಒಂಬತ್ತನೇ ಕ್ಲಾಸಿನ ಇಬ್ಬರು, ಹಿಂದೆ ಸಂಗೀತದ ಟೀಚರು, ಎಲ್ಲರ ಹಣೆಯಲ್ಲೂ. ಇಡೀ ಕಾನ್ವೆಂಟೇ ನನ್ನ ಪರ ಎದ್ದು ನಿಂತಿದೆ ಎಂದು ಹತ್ತು ಹೆಜ್ಜೆಯಷ್ಟು ದೂರ ನಾನು ನಂಬಿದೆ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ನಾಯಕಿಯಾಗಿ ನಾನು ಮತ್ತೆಂದೂ ನಡೆದಿಲ್ಲ.

ಗೇಟಿನಲ್ಲಿ ಸಿಸ್ಟರ್ ಎವ್ಲಿನ್. ಅವರ ಹಣೆಯ ಮೇಲೆಯೂ ಬೂದಿ! ಅದು ಅವರ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ ಶುರುವಾಗುವ ದಿನ, ಬೆಳಗಿನ ಪೂಜೆಯಲ್ಲಿ ಪಾದ್ರಿಗಳು ಎಲ್ಲರ ಹಣೆಗೂ ಬೂದಿ ಇಡುತ್ತಾರೆ ಎಂಬುದೆಲ್ಲ ಆಮೇಲೆ ಫಿಲೋಮಿನಾ ಹೇಳಿದಾಗ ತಿಳಿಯಿತು. ಅಜ್ಜಿಗೆ ಅದೇನೂ ತಿಳಿಯದು. ಜಗಳಕ್ಕೆಂದು ಸೆಟೆದುಕೊಂಡು ಬಂದಿದ್ದ ಅಜ್ಜಿ ಸಿಸ್ಟರ ಮುಖವನ್ನು ಹತ್ತಿರದಿಂದ ನೋಡಿ, ಎರಡೂ ಕೈ ಜೋಡಿಸಿಬಿಟ್ಟರು.

“ಶರಣು ತಾಯಿ. ನೀವೂ ನಮ್ಮೋರೇನಾ?”

ಸಿಸ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ನನ್ನ ಅಜ್ಜಿ, ಸಿಸ್ಟರ್.”

“ಆದ್ರೆ ಇದ್ಯಾಕವ್ವ ಹಿಂಗೆ ಬಳ್ಕಂಡಿದ್ದೀರಿ?” ಅಜ್ಜಿ ಬೆರಳು ತೋರಿಸಿದರು. “ಗೆರೆ ಮೂರಿಲ್ಲ. ಬೂದಿನೂ ಕರ್ರಗೈತೆ, ಸರಿಯಾಗಿ ಬೆಂದಿಲ್ಲ. ಯಾವುದ್ರದು ಇದು?”

“ಅದು... ತಾಳೆ ಗರಿ ಸುಟ್ಟದ್ದು, ಅಜ್ಜಿ.”

“ಗರಿ ಬೂದಿ ಹಿಂಗೇಯ. ನಿಲ್ಲಾಕಿಲ್ಲ.” ಅಜ್ಜಿ ಸೊಂಟದ ಚೀಲದಿಂದ ಬೆಳ್ಳಗಿನ ವಿಭೂತಿ ಗಟ್ಟಿಯನ್ನು ತೆಗೆದು ಮುಂದೆ ಹಿಡಿದರು. “ನಮ್ಮ ತವರಿಂದು. ಹಚ್ಲಾ?”

ಗೇಟಿನ ಸುತ್ತ ಹುಡುಗಿಯರು ಕಟ್ಟಿಕೊಂಡಿದ್ದರು. ಸಿಸ್ಟರ್ ಎವ್ಲಿನ್ ನಕ್ಕಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. “ಬೇಡ ಅಜ್ಜಿ, ನಮ್ಮದು ಇಷ್ಟೇ. ನಾವೂ ಒಂದಿನ ಬೂದಿಯೇ ಅಲ್ವಾ, ಅದು ನೆನಪಿರಲಿ ಅಂತ ವರ್ಷಕ್ಕೊಮ್ಮೆ ಹಚ್ಚುವುದು.”

“ವರ್ಷಕ್ಕೊಂದ್ ಸಲಕ್ಕೇ ನೆನಪಿರತ್ತಾ ನಿಮಗೆ? ಪುಣ್ಯವಂತರು,” ಎಂದರು ಅಜ್ಜಿ. ಕುಹಕವಲ್ಲ, ನಿಜವಾದ ಮೆಚ್ಚುಗೆ. “ನಮಗೆ ಮರೆವು ಜಾಸ್ತಿ ತಾಯಿ. ದಿನಾ ಹಚ್ಬೇಕು.”

ಅಜ್ಜಿ ಹೆಸರು ತೆಗೆಸುವ ವಿಷಯವನ್ನೇ ಮರೆತು, “ಒಳ್ಳೇ ಹೆಂಗಸು. ಬೂದಿ ಮಾತ್ರ ಸರಿಯಾಗಿ ಸುಡಾಕೆ ಬರಾಕಿಲ್ಲ,” ಎಂದು ನನ್ನ ಕಿವಿಯಲ್ಲಿ ಹೇಳಿ, ಫಿಲೋಮಿನಾಳ ಕೈ ಹಿಡಿದುಕೊಂಡು ಬಸ್ ಸ್ಟಾಪಿನವರೆಗೆ ನಡೆದು ಮನೆಗೆ ಹೊರಟರು. ಆ ದಿನ ನಾನು ಹಣೆ ತೊಳೆಯದೆ ಕ್ಲಾಸಿನಲ್ಲಿ ಕೂತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಚೆನ್ನಾಗಿರುತ್ತಿತ್ತು. ಆದರೆ ಬುಧವಾರದ ಮಾರನೆಯ ದಿನ ಗುರುವಾರ ಬಂತು. ಎಲ್ಲರ ಹಣೆಯೂ ಚೊಕ್ಕಟ. ನನ್ನದೊಂದನ್ನು ಬಿಟ್ಟು.

“ನಿನ್ನೆಯದು ನಿನ್ನೆಗಾಯ್ತು,” ಎಂದರು ಸಿಸ್ಟರು. ದನಿಯಲ್ಲಿ ಕೋಪವಿರಲಿಲ್ಲ. “ಹೋಗು, ತೊಳ್ಕೊ.”

ನಲ್ಲಿಯ ಕಡೆ ನಾಲ್ಕು ಹೆಜ್ಜೆ ಹಾಕಿದ್ದೆ. ಕಾಲಿಗೆ ಅಭ್ಯಾಸವಾಗಿತ್ತು. ನಲ್ಲಿಯ ತಿರುಪಿಗೆ ಕೈಯಿಟ್ಟಾಗ ಸ್ಕೂಟರಿನ ಕನ್ನಡಿ ನೆನಪಾಯಿತು. ಬೆಳಿಗ್ಗೆ ಇಲ್ಲಿ ಸುಳ್ಳು, ಸಂಜೆ ಅಲ್ಲಿ ಸುಳ್ಳು. ಅಜ್ಜಿಯ ಮೇಲೂ ಸಿಟ್ಟು ಬಂತು, ಸಿಸ್ಟರ ಮೇಲೂ ಬಂತು. ಇಬ್ಬರಲ್ಲಿ ಒಬ್ಬರಾದರೂ ನಿನಗೆ ಏನು ಬೇಕೇ ಎಂದು ಕೇಳಿರಲಿಲ್ಲ. ಹಣೆ ನನ್ನದು, ಅದರ ಹಿಂದಿನ ತಲೆಯೂ ನನ್ನದೇ. ತಿರುಗಿ ಬಂದೆ.

“ತೊಳೆಯಲ್ಲ ಸಿಸ್ಟರ್.”

“ಎಂತ?”

“ತೊಳೆಯೋದೂ ಇಲ್ಲ, ಸಂಜೆ ಮತ್ತೆ ಹಚ್ಕೊಳ್ಳೋದೂ ಇಲ್ಲ. ಬೆಳಿಗ್ಗೆ ಹಚ್ಚಿದ್ದು ಬೆವರಿಗೆ ಹೋದ್ರೆ ಹೋಗ್ಲಿ, ಉಳಿದ್ರೆ ಉಳೀಲಿ. ಇಬ್ಬರಿಗೂ ಸುಳ್ಳು ಹೇಳಿ ಸಾಕಾಯ್ತು.”

ಕನ್ನಡದಲ್ಲೇ ಹೇಳಿದೆ.

ಸಿಸ್ಟರು ವರಾಂಡದ ಕಡೆ ಕೈ ತೋರಿಸಿದರು. “ಹಾಗಾದ್ರೆ ಅದು ಹೋಗುವವರೆಗೆ ಹೊರಗೆ ನಿಲ್ಲು.”

“ಆಯ್ತು ಸಿಸ್ಟರ್.”

ವರಾಂಡದಲ್ಲಿ ನಿಂತೆ. ಮೊದಲ ಪೀರಿಯಡ್ಡು ಅವರದೇ. ಎರಡನೆಯದಕ್ಕೆ ಬರುವ ಗಣಿತದ ಟೀಚರಿಗೆ ನನ್ನ ಹಣೆಗಿಂತ ನನ್ನ ಹೋಂವರ್ಕಿನ ಮೇಲೆ ಕಣ್ಣು, ಅವರು ಒಳಗೆ ಕರೆದುಬಿಡುತ್ತಿದ್ದರು. ಅಂದರೆ ದಿನಾ ಒಂದು ಪೀರಿಯಡ್ಡು ಹೊರಗೆ, ಅದೂ ನನಗೆ ಎಲ್ಲಕ್ಕಿಂತ ಬೇಕಾಗಿದ್ದ ಇಂಗ್ಲಿಷು.

ಸಂಜೆ ಟೈಲರ ಸ್ಕೂಟರನ್ನು ದಾಟಿ ಬಂದೆ. ಮಾರ್ಚಿನ ಬಿಸಿಲಿಗೆ ಹಣೆ ಮುಕ್ಕಾಲು ಬರಿದಾಗಿತ್ತು. ಅಜ್ಜಿ ಜಗುಲಿಯ ಮೇಲೆ ಕಾಯುತ್ತಿದ್ದರು.

“ಎಲ್ಲೋಯ್ತೇ?”

“ಬೆವರಲ್ಲಿ ಹೋಯ್ತು. ನಾನು ಅಳಿಸಿಲ್ಲ, ಅದಕ್ಕೇ ವರಾಂಡದಲ್ಲಿ ನಿಲ್ಲಿಸಿದ್ರು. ಆದ್ರೆ ನಿಂಗೋಸ್ಕರ ಸಂಜೆ ಹಚ್ಕೊಂಡೂ ಬರಲ್ಲ ಅಜ್ಜಿ. ಹೆಸರು ತೆಗೆಸ್ತೀನಿ ಅಂದ್ರೆ, ನಾನೇ ಹೋಗಿ ಮತ್ತೆ ಬರೆಸ್ತೀನಿ.”

ಒಳಗೆ ಗಿರಣಿಯ ಸದ್ದು ನಿಂತಿತು. ಅಪ್ಪ ಬೇಕೆಂದೇ ನಿಲ್ಲಿಸಿದ್ದರು, ಕೇಳಿಸಿಕೊಳ್ಳಲು. ಅಜ್ಜಿ ಎಲೆಗೆ ಸುಣ್ಣ ಸವರುತ್ತಲೇ ಇದ್ದರು. ಒಂದು ಎಲೆಗೆ ಅಷ್ಟು ಸುಣ್ಣ ಬೇಕಿರಲಿಲ್ಲ.

“ನಿಂತ್ಕಂಡು ಕೇಳಿದ್ರೆ ಪಾಠ ತಲೆಗೆ ಹತ್ತತ್ತಾ?” ಎಂದರು ಕೊನೆಗೆ.

“ಹತ್ತುತ್ತೆ.”

“ಹಂಗಾದ್ರೆ ನಿಂತ್ಕ.”

ನಿಂತೆ. ಅವರ ವ್ರತ ನಲವತ್ತು ದಿನದ್ದು, ನನ್ನ ವರಾಂಡದ ವ್ರತವೂ ಹೆಚ್ಚುಕಡಿಮೆ ಅಷ್ಟೇ. ಹೋಗುವ ಬರುವ ಹುಡುಗಿಯರು “ಏನೇ ವಾಚ್‌ಮನ್ನು, ಸಲ್ಯೂಟ್ ಹೊಡಿಯಲ್ವಾ?” ಎನ್ನುತ್ತಿದ್ದರು. ನಾನು ಹೊಡೆಯುತ್ತಿದ್ದೆ. ಮೊದಮೊದಲು ಪಾಠ ಅರ್ಧವೂ ಕೇಳಿಸುತ್ತಿರಲಿಲ್ಲ, ಸಿಸ್ಟರ ಮೇಜು ಆ ಕಡೆಯ ಗೋಡೆಗಿತ್ತು. ಊಟದ ಹೊತ್ತಿನಲ್ಲಿ ಫಿಲೋಮಿನಾಳ ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಅವಳ ಅಕ್ಷರ ಅವಳಿಗೇ ತಿಳಿಯುತ್ತಿರಲಿಲ್ಲ.

ಎರಡನೆಯ ವಾರ ಒಂದು ಬೆಳಿಗ್ಗೆ ಸಿಸ್ಟರ್ ಎವ್ಲಿನ್, “ಒಳಗೆ ಸೆಕೆ ಮಾರಾಯ್ತಿ,” ಎಂದು ಯಾರಿಗೋ ಹೇಳುತ್ತ ತಮ್ಮ ಕುರ್ಚಿಯನ್ನು ಎಳೆದು ತಂದು ಬಾಗಿಲಲ್ಲಿ ಹಾಕಿಕೊಂಡರು. ಅರ್ಧ ಬೆನ್ನು ನನ್ನ ಕಡೆಗೆ. ಪುಸ್ತಕ ತೆರೆದು, ಎಂದಿಗಿಂತ ಗಟ್ಟಿಯಾಗಿ ಓದಲು ಶುರುಮಾಡಿದರು. ಫ್ಯಾನು ಇದ್ದದ್ದು ಒಳಗೆ, ಮೇಜಿನ ಮೇಲ್ಗಡೆ. ಬಾಗಿಲಲ್ಲಿ ಗಾಳಿಯೇ ಇರಲಿಲ್ಲ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮುಂದೆ ಪರೀಕ್ಷೆಯವರೆಗೂ ಕುರ್ಚಿ ಅಲ್ಲಿಂದ ಕದಲಲಿಲ್ಲ. ಒಳಗೆ ಬಾ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಬರಲೇ ಎಂದು ನಾನೂ ಕೇಳಲಿಲ್ಲ. ಪ್ರಶ್ನೆ ಕೇಳಿ, ಒಳಗಿದ್ದವರು ತಡವರಿಸಿದರೆ, ತಿರುಗಿ ನೋಡದೆಯೇ, “ಹೊರಗಿನವಳು ಹೇಳಲಿ,” ಎನ್ನುತ್ತಿದ್ದರು. ಹೊರಗಿನವಳು ಹೇಳುತ್ತಿದ್ದಳು.

ಏಪ್ರಿಲಿನಲ್ಲಿ ಪ್ರೋಗ್ರೆಸ್ ಕಾರ್ಡ್ ಬಂತು. ಎಲ್ಲದರಲ್ಲೂ ಪಾಸು. ಇಂಗ್ಲಿಷಿನಲ್ಲಿ ಒಳಗೆ ಕೂತ ಎಷ್ಟೋ ಜನಕ್ಕಿಂತ ಮುಂದೆ. ಕೆಳಗೆ ನಡತೆ ಎಂಬ ಕಾಲಮ್ಮಿನಲ್ಲಿ, ಬೇರೆಯವರಿಗೆಲ್ಲ ಗುಡ್ ಎಂದಿದ್ದ ಕಡೆ, ನನಗೆ ಸಿಸ್ಟರ ದುಂಡಗಿನ ಅಕ್ಷರದಲ್ಲಿ ಆಬ್ಸ್ಟಿನೇಟ್ ಎಂದು ಬರೆದಿತ್ತು. ಫಿಲೋಮಿನಾಳ ಡಿಕ್ಷನರಿ ನೋಡಿದೆ. ಕಾರ್ಡನ್ನು ಚೀಲದ ತಳಕ್ಕೆ ತುರುಕಿ ಮನೆಗೆ ಬಂದೆ.

ಅಪ್ಪ ಹಿಟ್ಟಿನ ಕೈಯನ್ನು ಒರೆಸಿಕೊಂಡು ಕಾರ್ಡ್ ಹಿಡಿದರು. ಅಜ್ಜಿ, “ಏನು ಬರೆದವ್ರೆ, ಓದು,” ಎಂದರು. ಅಂಕಗಳನ್ನೆಲ್ಲ ಓದಿದೆ. ಕೊನೆಯದನ್ನೂ ಓದಿದೆ.

“ಅಂದ್ರೆ?”

“ಹಟಮಾರಿ ಅಂತ, ಅಜ್ಜಿ.”

“ಬರೆದೇ ಕೊಟ್ರಾ?”

“ಹೂಂ.”

“ಸೀಲು?”

“ಹಾಕಿದಾರೆ. ಸೈನೂ ಇದೆ.”

ಅಜ್ಜಿ ಕಾರ್ಡನ್ನು ಇಸಿದುಕೊಂಡು, ಓದಲು ಬಾರದಿದ್ದರೂ ದೂರ ಹಿಡಿದು, ಹತ್ತಿರ ಹಿಡಿದು, ಸೀಲಿನ ಮೇಲೆ ಹೆಬ್ಬೆರಳು ಸವರಿದರು. ಈ ಸಲ ನಾಲಿಗೆಗೆ ಮುಟ್ಟಿಸಲಿಲ್ಲ. “ಜೋಪಾನವಾಗಿಡು,” ಎಂದು ನನಗೆ ವಾಪಸು ಕೊಟ್ಟರು. “ನಮ್ಮ ಮನೇಲಿ ಇನ್ನ್ಯಾರಿಗೂ ಇದನ್ನ ಬರೆದು ಕೊಟ್ಟಿಲ್ಲ.”

ಜೋಪಾನವಾಗಿಯೇ ಇಟ್ಟಿದ್ದೇನೆ. ಫೈಲಿನಲ್ಲಿ ಅದೇ ಮೇಲಿದೆ, ಡಿಗ್ರಿ ಅದರ ಕೆಳಗಿದೆ. ನಾಳೆ ಹಾಗೇ ತೆಗೆದುಕೊಂಡು ಹೋಗುತ್ತೇನೆ. ಆಫೀಸಿನವರು ಮೊದಲು ಇದನ್ನು ಓದಿ, ಆಮೇಲೆ ಹಾಳೆ ತಿರುವಲಿ.